‘ಗ್ಯಾಸ್ ಮಾತ್ರೆ ಕೊಡಿ’ ಅನ್ನುವ ಮೊದಲು

ಅರಸೀಕೆರೆ ಕಡೆಯ ಒಂದು ಊರಿನಲ್ಲಿ ನಾನು ಔಷಧಿ ಅಂಗಡಿ ನಡೆಸುತ್ತೇನೆ. ನಾನು ಫಾರ್ಮಸಿಸ್ಟ್, ಡಾಕ್ಟರ್ ಅಲ್ಲ. ಆದರೂ ಹೊಟ್ಟೆ ಕೆಟ್ಟಾಗ ನಮ್ಮ ಜನ ಮೊದಲು ಬಂದು ನಿಲ್ಲುವುದು ನಮ್ಮಂಥವರ ಕೌಂಟರಿನ ಮುಂದೆಯೇ. ಬಂದವರು ಏನಾಗಿದೆ ಅಂತ ಹೇಳುವುದಿಲ್ಲ, ನೇರವಾಗಿ ‘ಒಂದು ಗ್ಯಾಸ್ ಮಾತ್ರೆ ಕೊಡಿ’ ಅನ್ನುತ್ತಾರೆ. ಎದೆ ಉರಿದರೂ ಗ್ಯಾಸ್, ಹೊಟ್ಟೆ ಉಬ್ಬಿದರೂ ಗ್ಯಾಸ್, ಬೆನ್ನು ಹಿಡಿದುಕೊಂಡರೂ ಗ್ಯಾಸ್. ತಲೆ ಸುತ್ತಿದರೆ ಗ್ಯಾಸ್ ತಲೆಗೇರಿದೆ. ಇವೆಲ್ಲಕ್ಕೂ ಒಂದೇ ಮಾತ್ರೆ ಇರಲು ಸಾಧ್ಯವಿಲ್ಲ. ಹಾಗಾಗಿ ಕೊಡುವ ಮೊದಲು ನಾನು ಒಂದಿಷ್ಟು ಕೇಳುತ್ತೇನೆ. ಅದೇ ಪ್ರಶ್ನೆಗಳನ್ನು ಮನೆಯಲ್ಲಿ ನೀವೂ ಕೇಳಿಕೊಳ್ಳಬಹುದು.

ಮೊದಲನೆಯದು: ಎಲ್ಲಿ? ಬೆರಳಿಟ್ಟು ತೋರಿಸಿ ಅನ್ನುತ್ತೇನೆ. ಎದೆಮೂಳೆಯ ಹಿಂದೆ ಉರಿಯುತ್ತಾ ಗಂಟಲಿನವರೆಗೆ ಹುಳಿ ಬಂದರೆ ಅದು ಹೊಟ್ಟೆಯ ಆಸಿಡ್ ಮೇಲೇರುತ್ತಿರುವ ಲಕ್ಷಣ. ಎದೆಮೂಳೆ ಮುಗಿಯುವ ಕಡೆ ಇರುವ ಗುಳಿಯಲ್ಲಿ ನೋವಿದ್ದರೆ ಜಠರದ ಉರಿಯೂತ ಅಥವಾ ಹುಣ್ಣು ಇರಬಹುದು. ಬಲಗಡೆ ಪಕ್ಕೆಲುಬಿನ ಕೆಳಗೆ, ಅದೂ ಬಿರಿಯಾನಿಯನ್ನೋ ಬೋಂಡವನ್ನೋ ತಿಂದ ಮೇಲೆ ಹಿಡಿದು ಬಲ ಭುಜಕ್ಕೆ ಎಳೆದರೆ ಪಿತ್ತಕೋಶದ ಕಲ್ಲಿನ ಅನುಮಾನ. ಹೊಕ್ಕಳಿನ ಸುತ್ತ ಶುರುವಾಗಿ ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಹೊಟ್ಟೆಗೆ ಇಳಿದು, ನಡೆದರೆ, ಕೆಮ್ಮಿದರೆ ಜಾಸ್ತಿಯಾಗುವ ನೋವು ಅಪೆಂಡಿಕ್ಸ್‌ನದು. ಸೊಂಟದ ಹಿಂದಿನಿಂದ ತೊಡೆಸಂದಿಗೆ ಅಲೆ ಅಲೆಯಾಗಿ ಬಂದು, ಮನುಷ್ಯ ಒಂದು ಕಡೆ ಕೂರಲೂ ಆಗದೆ ಒದ್ದಾಡಿದರೆ ಕಿಡ್ನಿ ಕಲ್ಲು. ಮೇಲುಹೊಟ್ಟೆಯಿಂದ ಸೀದಾ ಬೆನ್ನಿಗೆ ಇರಿದು, ಮುಂದಕ್ಕೆ ಬಗ್ಗಿ ಕೂತರೆ ಸ್ವಲ್ಪ ಹಗುರಾದರೆ ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ತೊಂದರೆ. ಕುಡಿಯುವ ಅಭ್ಯಾಸ ಇರುವವರಲ್ಲಿ ಇದನ್ನು ಜಾಸ್ತಿ ನೋಡುತ್ತೇವೆ.

ಹೆಂಗಸರಿಗೆ ಇನ್ನೊಂದು ಮಾತು. ಮುಟ್ಟು ತಪ್ಪಿದೆ, ಕೆಳಹೊಟ್ಟೆಯ ಒಂದು ಕಡೆ ಜೋರು ನೋವಿದೆ, ತಲೆ ತಿರುಗುತ್ತಿದೆ ಅಂದರೆ ಗರ್ಭಕೋಶದ ಹೊರಗೆ ಗರ್ಭ ಕಟ್ಟಿರಬಹುದು. ಯಾರಿಗೂ ಹೇಳಲು ನಾಚಿಕೆಪಟ್ಟು ಮಾತ್ರೆ ನುಂಗಿ ಮಲಗುವ ವಿಷಯವಲ್ಲ ಅದು. ಆಗಲೇ ಆಸ್ಪತ್ರೆಗೆ ಹೋಗಬೇಕು.

ಎರಡನೆಯದು: ಯಾವಾಗ? ಊಟಕ್ಕೆ ಮೊದಲೋ, ಆದ ಮೇಲೋ, ಮಲಗಿದಾಗಲೋ, ನಡುರಾತ್ರಿಯೋ? ಮೂರನೆಯದು: ಬೇರೆ ಯಾವ ಮಾತ್ರೆ ನಡೆಯುತ್ತಿದೆ? ಈ ಮೂರನೆಯದನ್ನು ಕೇಳಿದರೆ ಜನಕ್ಕೆ ಬೇಸರ. ಆದರೆ ಅರ್ಧ ಉತ್ತರ ಸಿಗುವುದು ಅಲ್ಲೇ.

ಎಲ್ಲಕ್ಕಿಂತ ಮೊದಲು, ಎದೆ

ಹೊಟ್ಟೆಯ ವಿಷಯ ಬರೆಯುತ್ತಾ ಹೃದಯಕ್ಕೆ ಯಾಕೆ ಹೋದೆ ಅನ್ನಬೇಡಿ. ‘ಗ್ಯಾಸ್ ಅಂತ ಸುಮ್ನಿದ್ರು, ಬೆಳಗ್ಗೆ ಹೊತ್ತಿಗೆ ಹೋಗೇಬಿಟ್ರು’ ಅನ್ನುವ ಮಾತು ನಮ್ಮ ಯಾವ ಊರಲ್ಲಿ ಕೇಳಿಲ್ಲ ಹೇಳಿ? ಹೃದಯದ ಕೆಳಗಿನ ಗೋಡೆಗೆ ರಕ್ತ ನಿಂತಾಗ ನೋವು ಮೇಲುಹೊಟ್ಟೆಯಲ್ಲೇ ಕಾಣಿಸಿಕೊಳ್ಳಬಹುದು. ವಾಂತಿ, ತೇಗು ಕೂಡ ಬರಬಹುದು. ತೇಗು ಬಂತು, ಹಾಗಾಗಿ ಗ್ಯಾಸೇ ಅನ್ನುವ ಲೆಕ್ಕ ಸರಿಯಲ್ಲ.

ನನ್ನ ಕೌಂಟರಿನಲ್ಲಿ ನಿಯಮ ಹೀಗಿದೆ. ವಯಸ್ಸು 40ರ ಮೇಲೆ, ಅಥವಾ ಶುಗರ್, ಬಿಪಿ, ಬೀಡಿ ಸಿಗರೇಟು ಇವೆ. ಎದೆ ಅಥವಾ ಮೇಲುಹೊಟ್ಟೆ ಬಿಗಿ ಹಿಡಿದು 15 ನಿಮಿಷವಾದರೂ ಬಿಟ್ಟಿಲ್ಲ. ಜೊತೆಗೆ ತಣ್ಣನೆ ಬೆವರು, ದವಡೆ ಅಥವಾ ತೋಳಿನ ಸೆಳೆತ, ಮೆಟ್ಟಿಲು ಹತ್ತಿದರೆ ಜಾಸ್ತಿ, ಇವುಗಳಲ್ಲಿ ಒಂದು ಇದೆ. ಹೀಗಿದ್ದರೆ ಮಾತ್ರೆ ಕೊಡುವುದಿಲ್ಲ, 108ಕ್ಕೆ ಫೋನ್ ಮಾಡಿಸುತ್ತೇನೆ. ವಯಸ್ಸು ಕಡಿಮೆ ಇದ್ದರೂ ಈ ಲಕ್ಷಣಗಳು ಕಂಡರೆ ಅದೇ ದಾರಿ. ಶುಗರ್ ಇರುವವರಲ್ಲಿ, ಹೆಂಗಸರಲ್ಲಿ ಎದೆ ನೋವೇ ಇಲ್ಲದೆ ಬರೀ ಸುಸ್ತು, ಓಕರಿಕೆ, ಉಸಿರು ಸಿಕ್ಕಿಕೊಂಡ ಹಾಗೆ ಆಗುವುದೂ ಉಂಟು. ಈಗ ನಮ್ಮ ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ಮಾಡಿ ದೊಡ್ಡ ಹೃದಯ ಆಸ್ಪತ್ರೆಯ ಡಾಕ್ಟರಿಗೆ ಕಳಿಸಿ ಕೇಳುವ ವ್ಯವಸ್ಥೆ ಇದೆ. ಇಸಿಜಿ ಸರಿ ಇದ್ದು ಗ್ಯಾಸ್ ಅಂತಲೇ ಆದರೆ ಒಳ್ಳೆಯದೇ ಆಯಿತು. ಮಾತ್ರೆ ಆಮೇಲೂ ಸಿಗುತ್ತದೆ.

ಎದೆಯುರಿ, ಹುಳಿತೇಗು

ಅನ್ನನಾಳ ಜಠರಕ್ಕೆ ಸೇರುವ ಕಡೆ ಒಂದು ಸ್ನಾಯುವಿನ ಬಳೆ ಇದೆ. ಊಟ ಕೆಳಗಿಳಿಯುವಾಗ ಸಡಿಲವಾಗಿ ಆಮೇಲೆ ಮುಚ್ಚಿಕೊಳ್ಳುತ್ತದೆ. ಅದು ಬೇಡದ ಹೊತ್ತಿನಲ್ಲಿ ಸಡಿಲವಾದರೆ ಆಸಿಡ್ ಮೇಲೆ ಬರುತ್ತದೆ. ಜಠರದ ಒಳಗೋಡೆಗೆ ಆಸಿಡ್ ತಡೆಯುವ ಪದರ ಇದೆ, ಅನ್ನನಾಳಕ್ಕೆ ಅಂಥದ್ದಿಲ್ಲ. ಅದಕ್ಕೇ ಉರಿ. ಬೊಜ್ಜು, ಬಸುರಿತನ, ತಂಬಾಕು, ಮದ್ಯ, ಎಣ್ಣೆಯ ತಿಂಡಿ, ರಾತ್ರಿ ಹತ್ತೂವರೆಗೆ ಊಟ ಮಾಡಿ ಹಾಸಿಗೆಗೆ ಬೀಳುವುದು, ಇವೆಲ್ಲ ಆ ಬಳೆಗೆ ಆಗದವು. ಗುಟ್ಕಾ ಹಾಕಿಕೊಂಡೇ ಬಂದು ಎದೆಯುರಿಗೆ ಮಾತ್ರೆ ಕೇಳುವವರಿಗೆ ನಾನು ಏನು ಹೇಳಲಿ!

ಮಾತ್ರೆಗಿಂತ ಮೊದಲು ಇದನ್ನು ಮಾಡಿ ನೋಡಿ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಮಧ್ಯೆ ಎರಡು ಮೂರು ಗಂಟೆ ಇರಲಿ. ಮಂಚದ ತಲೆಕಡೆಯ ಎರಡು ಕಾಲಿನ ಕೆಳಗೆ ಇಟ್ಟಿಗೆ ಅಥವಾ ಮರದ ತುಂಡು ಕೊಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸಿ. ದಿಂಬಿನ ಮೇಲೆ ದಿಂಬು ಇಟ್ಟರೆ ಆಗದು. ಕತ್ತು ಮಾತ್ರ ಬಾಗಿ ಹೊಟ್ಟೆ ಒತ್ತಿಕೊಳ್ಳುತ್ತದೆ. ಎಡ ಮಗ್ಗುಲಿಗೆ ಮಲಗಿ. ಪಂಚೆ, ಲಂಗದ ದಾರ, ಬೆಲ್ಟು ಬಿಗಿ ಬೇಡ. ಖಾಲಿ ಹೊಟ್ಟೆಗೆ ಸ್ಟ್ರಾಂಗ್ ಕಾಫಿ ಬಿಟ್ಟು ನೋಡಿ. ಉರಿಗೆ ಹಾಲು ಕುಡಿಯುವವರಿದ್ದಾರೆ. ಆ ಕ್ಷಣಕ್ಕೆ ತಂಪು ಅನಿಸುವುದು ನಿಜ, ಆದರೆ ಹಾಲಿನ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಮತ್ತೆ ಆಸಿಡ್ ಸುರಿಸುತ್ತವೆ.

ಇನ್ನು ಔಷಧಿ. ಜೆಲ್ಯುಸಿಲ್, ಡೈಜೀನ್ ಥರದ ಸಿರಪ್ಪುಗಳು ಇರುವ ಆಸಿಡ್ಡನ್ನು ತಣಿಸುತ್ತವೆ. ಬೇಗ ಕೆಲಸ ಮಾಡುತ್ತವೆ, ಬೇಗ ಮುಗಿಯುತ್ತವೆ. ಅವುಗಳಲ್ಲಿರುವ ಅಲ್ಯುಮಿನಿಯಂ ಮಲ ಕಟ್ಟಿಸುತ್ತದೆ, ಮೆಗ್ನೀಸಿಯಂ ಸಡಿಲ ಮಾಡುತ್ತದೆ. ಅದಕ್ಕೇ ಎರಡನ್ನೂ ಬೆರೆಸುತ್ತಾರೆ. ಈನೋ ಅಂದರೆ ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಸಿಡ್. ಅದರಲ್ಲಿ ಸೋಡಿಯಂ ಜಾಸ್ತಿ, ಹಾಗಾಗಿ ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು ದಿನಾ ಕುಡಿಯುವಂಥದ್ದಲ್ಲ.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಬೇರೆ ಜಾತಿ. ಇವು ಆಸಿಡ್ ಹುಟ್ಟುವ ಪಂಪನ್ನೇ ನಿಲ್ಲಿಸುತ್ತವೆ. ಆ ಪಂಪುಗಳು ಚುರುಕಾಗುವುದು ಊಟ ಒಳಗೆ ಹೋದಾಗ. ಆದ್ದರಿಂದ ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು. ತಿಂದಾದ ಮೇಲೆ ಉರಿ ಬಂತು ಅಂತ ನುಂಗಿದರೆ ಅದು ಆ ಉರಿಗೆ ತಕ್ಷಣ ಕೆಲಸ ಮಾಡುವುದಿಲ್ಲ. ಇದು ಡಾಕ್ಟರ ಚೀಟಿಯ ಮೇಲೆ ಕೊಡುವ ಔಷಧಿ. ಎರಡು ವಾರಕ್ಕೂ ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಬೇಕೇ ಹೊರತು ಇನ್ನೊಂದು ಸ್ಟ್ರಿಪ್ ಕೊಳ್ಳಬಾರದು. ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಕಡಿಮೆಯಾಗಬಹುದು. ಒಮ್ಮೆಲೇ ನಿಲ್ಲಿಸಿದರೆ ಆಸಿಡ್ ಮೊದಲಿಗಿಂತ ಜೋರಾಗಿ ಬರುತ್ತದೆ. ಅದನ್ನು ನೋಡಿ ‘ನೋಡಿ, ಮಾತ್ರೆ ಇಲ್ಲದಿದ್ರೆ ಆಗೋದೇ ಇಲ್ಲ’ ಅಂತ ಮತ್ತೆ ಶುರು ಮಾಡುತ್ತಾರೆ. ಡಾಕ್ಟರನ್ನು ಕೇಳಿ ನಿಧಾನವಾಗಿ ಇಳಿಸುವುದು ದಾರಿ. ಹೆಸರಿನ ಕೊನೆಗೆ ‘ಡಿ’ ಸೇರಿದ ಮಾತ್ರೆಯಲ್ಲಿ ಡೊಂಪೆರಿಡೋನ್ ಕೂಡ ಇರುತ್ತದೆ. ಅದು ಓಕರಿಕೆಗೆ. ವಯಸ್ಸಾದವರಲ್ಲಿ ಹೃದಯದ ಬಡಿತದ ಲಯ ಕೆಡಿಸುವ ಅಪಾಯ ಇರುವುದರಿಂದ ಪಕ್ಕದ ಮನೆಯವರ ಸ್ಟ್ರಿಪ್ಪಿನಿಂದ ಒಂದು ಮುರಿದುಕೊಂಡು ತಿನ್ನುವುದು ಬೇಡ.

ಹುಣ್ಣು, ಮತ್ತು ಮಂಡಿನೋವಿನ ಮಾತ್ರೆ

ಬಹಳ ಕಾಲ ಖಾರ ತಿಂದರೆ, ಚಿಂತೆ ಮಾಡಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ ಅಂತಲೇ ನಂಬಿದ್ದರು. 1980ರ ದಶಕದ ಶುರುವಿನಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬ ಡಾಕ್ಟರುಗಳು ಅಷ್ಟು ಆಸಿಡ್‌ನಲ್ಲೂ ಬದುಕುವ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಹುಣ್ಣಿಗೆ ಗಂಟು ಹಾಕಿದರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಭಾರತದಲ್ಲಿ ಈ ಸೋಂಕು ತುಂಬಾ ಸಾಮಾನ್ಯ, ಆದರೆ ಇರುವ ಎಲ್ಲರಿಗೂ ಹುಣ್ಣಾಗುವುದಿಲ್ಲ. ಇದ್ದರೆ ಉಸಿರಿನ ಪರೀಕ್ಷೆ, ಮಲದ ಪರೀಕ್ಷೆ ಅಥವಾ ಎಂಡೋಸ್ಕೋಪಿಯಲ್ಲಿ (ಬಾಯಿಂದ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವುದು) ಗೊತ್ತಾಗುತ್ತದೆ. ಸಾಮಾನ್ಯವಾಗಿ 14 ದಿನಗಳ ಆಂಟಿಬಯೋಟಿಕ್ ಕೋರ್ಸ್ ಕೊಡುತ್ತಾರೆ. ಐದನೇ ದಿನಕ್ಕೆ ನೋವು ಹೋಯಿತು ಅಂತ ಉಳಿದ ಮಾತ್ರೆ ವಾಪಸ್ ತಗೊಳ್ತೀರಾ ಅಂತ ಕೇಳಲು ಬರುತ್ತಾರೆ. ವಾಪಸ್ ತಗೊಳ್ಳಲ್ಲ, ಪೂರ್ತಿ ನುಂಗಿ ಅನ್ನುತ್ತೇನೆ. ಅರ್ಧಕ್ಕೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗದೆ ಹೋಗುತ್ತದೆ.

ಹುಣ್ಣಿನ ಇನ್ನೊಂದು ದೊಡ್ಡ ಕಾರಣ ನೋವಿನ ಮಾತ್ರೆ. ನಮ್ಮ ಕಡೆ ತೆಂಗಿನ ತೋಟದಲ್ಲಿ ಬಗ್ಗಿ ದುಡಿದು ಮಂಡಿ ಹೋದ ಅಜ್ಜ ಅಜ್ಜಿಯರು ಬೆಳಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಗೆ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ನುಂಗುತ್ತಾರೆ. ನೋವು ತರುವ ವಸ್ತುಗಳನ್ನು ತಡೆಯುವಾಗ ಈ ಮಾತ್ರೆಗಳು ಜಠರದ ಗೋಡೆ ಕಾಯುವ ವಸ್ತುವನ್ನೂ ತಡೆಯುತ್ತವೆ. ಕೆಲಸ ನಡೆಯುವುದು ರಕ್ತದ ಮೂಲಕ. ಆದ್ದರಿಂದ ‘ಇಂಜೆಕ್ಷನ್ ತಗೊಂಡ್ರೆ ಹೊಟ್ಟೆಗೇನೂ ಆಗಲ್ಲ’ ಅನ್ನುವುದು ಸುಳ್ಳು. ಊಟದ ನಂತರ ತೆಗೆದುಕೊಳ್ಳಿ, ಆದಷ್ಟು ಕಡಿಮೆ ದಿನ ತೆಗೆದುಕೊಳ್ಳಿ, ಎರಡು ಥರದ ನೋವಿನ ಮಾತ್ರೆ ಒಟ್ಟಿಗೆ ಬೇಡ. ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಹೊಟ್ಟೆಗೆ ಮೆದು. ಹೃದಯಕ್ಕೆ ಅಂತ ಡಾಕ್ಟರು ಬರೆದ ಆಸ್ಪಿರಿನ್ ಮಾತ್ರ ಹೆದರಿ ನೀವಾಗಿ ನಿಲ್ಲಿಸಬೇಡಿ, ಕೇಳಿ.

ಹುಣ್ಣಿನ ನೋವು ಹೇಗಿರುತ್ತದೆ? ಸಣ್ಣ ಕರುಳಿನ ಮೊದಲ ಭಾಗದ ಹುಣ್ಣಾದರೆ ಹಸಿದಾಗ, ರಾತ್ರಿ ಒಂದು ಎರಡು ಗಂಟೆಗೆ ಎಬ್ಬಿಸಿ, ಏನಾದರೂ ತಿಂದರೆ ಕಡಿಮೆಯಾಗುವುದು ಹೆಚ್ಚು. ಜಠರದ್ದಾದರೆ ತಿಂದ ಮೇಲೆ ಜಾಸ್ತಿ. ಕೆಲವರಿಗೆ, ಮುಖ್ಯವಾಗಿ ನೋವಿನ ಮಾತ್ರೆ ತಿನ್ನುವ ವಯಸ್ಸಾದವರಿಗೆ, ನೋವೇ ಇಲ್ಲದೆ ರಕ್ತ ಸೋರುತ್ತದೆ. ಟಾರಿನ ಹಾಗೆ ಕಪ್ಪಗೆ, ಅಂಟಾಗಿ, ವಿಚಿತ್ರ ವಾಸನೆಯ ಮಲ ಹೋದರೆ ಅದು ಒಳಗಿನ ರಕ್ತ. ಕಬ್ಬಿಣದ ಮಾತ್ರೆ ತಿಂದರೂ ಮಲ ಕಪ್ಪಾಗುತ್ತದೆ, ಆದರೆ ಆ ಅಂಟು, ಆ ವಾಸನೆ ಇರುವುದಿಲ್ಲ. ಅನುಮಾನ ಬಂದರೆ ತೋರಿಸಿಬಿಡಿ.

ನಿಜವಾದ ಗ್ಯಾಸ್

ಡಿಸೆಂಬರ್, ಜನವರಿ ಬಂತೆಂದರೆ ಅವರೆಕಾಯಿ ಕಾಲ. ಸೊಗಡು ಅವರೆಯ ಸಾರು, ಹಿತಕಿದ ಬೇಳೆ, ಅವರೆಕಾಳು ಉಪ್ಪಿಟ್ಟು. ನನ್ನ ಅಂಗಡಿಯಲ್ಲೂ ವ್ಯಾಪಾರ ಜೋರು! ಕಾಳುಗಳಲ್ಲಿ ನಮ್ಮ ಸಣ್ಣ ಕರುಳಿಗೆ ಅರಗಿಸಲಾಗದ ಒಂದು ಬಗೆಯ ಸಕ್ಕರೆ ಇದೆ. ಅದು ಹಾಗೇ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ ಗಾಳಿಯಾಗುತ್ತದೆ. ಇದು ರೋಗವಲ್ಲ. ಒಣಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಚೆನ್ನಾಗಿ ಬೇಯಿಸಿದರೆ ತೊಂದರೆ ಕಡಿಮೆ. ಇಂಗು, ಓಮ, ಜೀರಿಗೆ, ಶುಂಠಿ ಹಾಕುವ ನಮ್ಮ ಅಡುಗೆಯ ರೂಢಿ ಬಿಡಬೇಡಿ. ಜೀರಿಗೆ ಕಷಾಯಕ್ಕೂ ನನ್ನ ಅಡ್ಡಿಯಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಗೋಲಿ ಸೋಡಾ ಕುಡಿದು ಢರ್ರನೆ ತೇಗಿ ‘ಗ್ಯಾಸ್ ಹೋಯ್ತು’ ಅನ್ನುವವರಿಗೆ ಮಾತ್ರ ಒಂದು ಮಾತು: ಹೊರಗೆ ಬಂದಿದ್ದು ಸೋಡಾದ್ದೇ ಗ್ಯಾಸ್.

ಕಾಳು ತಿನ್ನದಿದ್ದರೂ ದಿನಾ ಉಬ್ಬುತ್ತದೆ ಅಂದರೆ ಹಾಲಿನ ಲೆಕ್ಕ ನೋಡಿ. ಹಾಲಿನ ಸಕ್ಕರೆ ಅರಗಿಸುವ ರಸ ದಕ್ಷಿಣ ಭಾರತದ ಬಹಳ ಜನರಲ್ಲಿ ಬಾಲ್ಯ ಕಳೆದ ಮೇಲೆ ಕಡಿಮೆಯಾಗುತ್ತದೆ. ಒಂದು ಲೋಟ ಹಾಲಿನ ನಂತರ ಗುಡುಗುಡು, ಉಬ್ಬರ, ಭೇದಿ. ಎರಡು ವಾರ ಹಾಲು, ಹಾಲಿನ ಸಿಹಿ ನಿಲ್ಲಿಸಿ ನೋಡಿ. ಮೊಸರು, ಮಜ್ಜಿಗೆ ಹೆಚ್ಚಿನವರಿಗೆ ಆಗುತ್ತದೆ, ಹೆಪ್ಪಿನ ಬ್ಯಾಕ್ಟೀರಿಯಾ ಆ ಸಕ್ಕರೆಯಲ್ಲಿ ಒಂದು ಪಾಲನ್ನು ಆಗಲೇ ತಿಂದುಬಿಟ್ಟಿರುತ್ತದೆ.

ಆಮೇಲೆ ಶುಗರ್ ಮಾತ್ರೆ. ಮೆಟ್‌ಫಾರ್ಮಿನ್ ಶುರುವಾದ ಹೊಸದರಲ್ಲಿ ಭೇದಿ, ಓಕರಿಕೆ ಸಾಮಾನ್ಯ. ಊಟದ ಜೊತೆ ತೆಗೆದುಕೊಂಡರೆ ಕಡಿಮೆ. ವೋಗ್ಲಿಬೋಸ್ ಅಂತೂ ಪಿಷ್ಟ ಬೇಗ ಅರಗದಂತೆ ತಡೆಯುವ ಮಾತ್ರೆ. ಅರಗದ ಪಿಷ್ಟ ಏನು ಮಾಡುತ್ತದೆ ಅಂತ ಅವರೆಕಾಳಿನ ಕಥೆಯಲ್ಲಿ ಹೇಳಿದೆನಲ್ಲ. ಮಾತ್ರೆಯಿಂದ ಬಂದ ಗ್ಯಾಸಿಗೆ ಇನ್ನೊಂದು ಮಾತ್ರೆ ಕೊಳ್ಳುವ ಬದಲು ಬರೆದ ಡಾಕ್ಟರಿಗೆ ತಿಳಿಸಿ.

ವಾಂತಿ ಭೇದಿ

ಮದುವೆ ಸೀಸನ್, ಜಾತ್ರೆ, ಮೊದಲ ಮಳೆಗೆ ಕುಡಿಯುವ ನೀರು ಕಲಕಿದಾಗ ಇದು ಸಾಲಾಗಿ ಬರುತ್ತದೆ. ಹೆಚ್ಚಿನವು ವೈರಸ್‌ನಿಂದ. ಆಂಟಿಬಯೋಟಿಕ್ ಬೇಕಾಗಿಲ್ಲ, ಕೆಲವು ದಿನದಲ್ಲಿ ತಾನಾಗಿ ನಿಲ್ಲುತ್ತದೆ. ಪ್ರಾಣ ತೆಗೆಯುವುದು ಭೇದಿಯ ಜೊತೆ ಹೋಗುವ ನೀರು ಮತ್ತು ಉಪ್ಪು. ಅದನ್ನು ವಾಪಸ್ ತುಂಬುವುದೇ ಚಿಕಿತ್ಸೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡ್ರಿಪ್ ಬಾಟಲಿ ಮುಗಿದು, ಡಾ. ದಿಲೀಪ್ ಮಹಲನೋಬಿಸ್ ಡ್ರಮ್ಮಿನಲ್ಲಿ ಉಪ್ಪು, ಗ್ಲೂಕೋಸಿನ ನೀರು ಕಲಸಿ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ನೀವು ಕೊಳ್ಳುವ ಓಆರ್‌ಎಸ್ ಅದೇ ವಂಶದ್ದು. ಗ್ಲೂಕೋಸ್ ಕರುಳಿನ ಗೋಡೆ ದಾಟುವಾಗ ಉಪ್ಪನ್ನು ಜೊತೆಗೆ ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಅದಕ್ಕೇ ಅಳತೆ ಮುಖ್ಯ.

ಕಲಸುವುದು ಹೀಗೆ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಓದಿ, ಸಣ್ಣ ಪೊಟ್ಟಣಗಳೂ ಇವೆ. ಒಂದು ಲೋಟಕ್ಕೆ ಒಂದು ಚಮಚ ಅಂತ ಅಂದಾಜಿಗೆ ಕಲಸಬೇಡಿ. ಕಲಸಿದ್ದನ್ನು ಮತ್ತೆ ಕಾಯಿಸಬೇಡಿ, 24 ಗಂಟೆ ಆದ ಮೇಲೆ ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಎಂಎಲ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಎಂಎಲ್. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕೊಡಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ತಲೆತಟ್ಟಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ. ಟೆಟ್ರಾ ಪ್ಯಾಕಿನ ಹಣ್ಣಿನ ರುಚಿಯ ಪಾನೀಯಗಳನ್ನು ಓಆರ್‌ಎಸ್ ಅಂದುಕೊಂಡು ಕೊಡುತ್ತಿದ್ದರು. ಅವುಗಳಲ್ಲಿ ಸಕ್ಕರೆ ಜಾಸ್ತಿ, ಭೇದಿ ಹೆಚ್ಚುತ್ತದೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅಂಥ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರನ್ನೇ ಬಳಸಬಾರದು ಅಂದಿತು. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿದೆಯಾ ನೋಡಿ.

ಮಕ್ಕಳಿಗೆ ಇದರ ಜೊತೆ ಜಿಂಕ್ ಕೂಡ ಕೊಡಿ. ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ನಿಂತರೂ ಮುಂದುವರಿಸಬೇಕು. ಎದೆಹಾಲು, ಊಟ ನಿಲ್ಲಿಸಬೇಡಿ. ಗಂಜಿ, ಮಜ್ಜಿಗೆ ಅನ್ನ, ಬಾಳೆಹಣ್ಣು ಸರಿ. ಭೇದಿ ಕಟ್ಟಿಸುವ ಲೋಪೆರಮೈಡ್ ಮಾತ್ರೆ ಚಿಕ್ಕ ಮಕ್ಕಳಿಗೆ ಖಂಡಿತ ಬೇಡ. ಜ್ವರ ಅಥವಾ ಮಲದಲ್ಲಿ ರಕ್ತ ಇದ್ದರೆ ದೊಡ್ಡವರಿಗೂ ಬೇಡ. ಬಟ್ಟಿ ಜಾರಿದೆ ಅಂತ ಹೊಟ್ಟೆ ಎಳೆಸುವುದು, ದೃಷ್ಟಿ ತೆಗೆಯುವುದು ನಡೆದೇ ಇದೆ. ದೃಷ್ಟಿ ತೆಗೆದರೆ ನಷ್ಟವಿಲ್ಲ, ಓಆರ್‌ಎಸ್ ಕುಡಿಸುತ್ತಾ ತೆಗೆಯಿರಿ. ಆದರೆ ಹೊಟ್ಟೆ ಎಳೆಸುವುದು, ಮಗುವಿನ ಹೊಟ್ಟೆಗೆ ಬರೆ ಹಾಕಿಸುವುದು ಬೇಡವೇ ಬೇಡ.

ಕಣ್ಣು ಒಳಗೆ ಹೋಗಿದೆ, ಅತ್ತರೆ ಕಣ್ಣೀರಿಲ್ಲ, ಆರೆಂಟು ಗಂಟೆಯಿಂದ ಮೂತ್ರವಿಲ್ಲ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಇಳಿಯುತ್ತದೆ, ಮಗು ಮಂಕಾಗಿದೆ. ಇವುಗಳಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ ಹೊರಡಿ, ದಾರಿಯಲ್ಲಿ ಕುಡಿಸುತ್ತಲೇ ಇರಿ.

ಮಲಬದ್ಧತೆ, ಮತ್ತೆ ಉಳಿದವು

ದಿನಾ ಹೋಗಲೇಬೇಕು ಅಂತೇನಿಲ್ಲ. ವಾರಕ್ಕೆ ಮೂರಕ್ಕಿಂತ ಕಡಿಮೆಯಾಗಿ, ಗಟ್ಟಿಯಾಗಿ, ತಿಣುಕಬೇಕಾದರೆ ಅದು ಮಲಬದ್ಧತೆ. ಮುದ್ದೆ ಸೊಪ್ಪಿನ ಸಾರು ಬಿಟ್ಟು ಮೂರು ಹೊತ್ತೂ ಬಿಳಿ ಅಕ್ಕಿ, ಮೈದಾಕ್ಕೆ ಬಂದವರಿಗೆ ಇದು ಹೊಸ ನೆಂಟ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಕೆಲವು ಕೆಮ್ಮಿನ ಸಿರಪ್ಪೂ ಕಟ್ಟಿಸುತ್ತವೆ. ಇಸಬ್‌ಗೋಲ್ ಒಳ್ಳೆಯದು, ಆದರೆ ದೊಡ್ಡ ಲೋಟ ನೀರಿನ ಜೊತೆ. ಕಡಿಮೆ ನೀರಲ್ಲಿ ನುಂಗಿದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಕಮೋಡ್ ಇರುವ ಮನೆಯಲ್ಲಿ ಕಾಲ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ. ಕರುಳಿನ ದಾರಿ ನೇರವಾಗುತ್ತದೆ.

ತಿಂಗಳುಗಟ್ಟಲೆ ಹೊಟ್ಟೆನೋವು, ಟಾಯ್ಲೆಟ್ಟಿಗೆ ಹೋಗಿ ಬಂದರೆ ಕಡಿಮೆ, ಒಮ್ಮೆ ಭೇದಿ ಒಮ್ಮೆ ಕಟ್ಟು, ಪರೀಕ್ಷೆಗಳೆಲ್ಲ ಸರಿ ಅಂದರೆ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಕರುಳು ಸುಲಭವಾಗಿ ಕೆರಳುವ ತೊಂದರೆ) ಇರಬಹುದು. ಪರೀಕ್ಷೆ ಹತ್ತಿರ ಬಂದಾಗ ಕಾಲೇಜು ಹುಡುಗರು ಇದಕ್ಕೇ ಬರುತ್ತಾರೆ. ಮನಸ್ಸಿಗೂ ಕರುಳಿಗೂ ನರಗಳ ಸಂಪರ್ಕ ಗಟ್ಟಿ. ‘ಎಲ್ಲಾ ನಿನ್ನ ಮನಸಲ್ಲಿ’ ಅಂತ ತಳ್ಳಿಹಾಕುವುದು ತಪ್ಪು. ನೋವು ನಿಜವೇ. ಆದರೆ ಭೇದಿ ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ಅದನ್ನು ಐಬಿಎಸ್ ಅಂತ ಬಿಡಬಾರದು.

ಮಕ್ಕಳು ರಾತ್ರಿ ಗುದದ ಹತ್ತಿರ ಕೆರೆದುಕೊಂಡರೆ ಜಂತುಹುಳು. ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಆಲ್ಬೆಂಡಜೋಲ್ ತಪ್ಪಿಸಬೇಡಿ. ಬರಿಗಾಲಲ್ಲಿ ಹೊಲಕ್ಕೆ ಹೋಗುವವರಿಗೆ ಕೊಕ್ಕೆಹುಳು ಚರ್ಮದಿಂದಲೇ ಹತ್ತಿ ರಕ್ತ ಹೀರುತ್ತದೆ.

ಯಾವಾಗ ನನ್ನ ಹತ್ತಿರ ಬರಬಾರದು

ನುಂಗಲು ಕಷ್ಟ, ಪ್ರಯತ್ನಪಡದೆ ತೂಕ ಇಳಿದಿದೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಚರಟದಂಥದ್ದು, ಕಪ್ಪು ಮಲ, ಕಾಮಾಲೆ, ಹೊಟ್ಟೆ ಹಲಗೆಯಂತೆ ಬಿಗಿ, ಗಾಳಿಯೂ ಹೋಗದೆ ಉಬ್ಬಿ ವಾಂತಿ, 50 ದಾಟಿದ ಮೇಲೆ ಮೊದಲ ಬಾರಿ ಶುರುವಾದ ಅಜೀರ್ಣ. ಇವಕ್ಕೆ ಕೌಂಟರಿನಲ್ಲಿ ಔಷಧಿಯಿಲ್ಲ. ನೋವು ಜೋರಾಗಿದ್ದು ಆಸ್ಪತ್ರೆಗೆ ಹೊರಟಿದ್ದರೆ ದಾರಿಯಲ್ಲಿ ಕಾಫಿ, ತಿಂಡಿ ಬೇಡ. ಆಪರೇಷನ್ ಬೇಕಾದರೆ ಖಾಲಿ ಹೊಟ್ಟೆ ಅನುಕೂಲ. ಭೇದಿಯಲ್ಲಿ ಓಆರ್‌ಎಸ್ ಮಾತ್ರ ಇದಕ್ಕೆ ಹೊರತು.

ಡಾಕ್ಟರ ಹತ್ತಿರ ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಒಂದು ಕವರಿನಲ್ಲಿ ಹಾಕಿಕೊಳ್ಳಿ, ನಾಟಿ ಔಷಧಿಯನ್ನೂ ಬಿಡಬೇಡಿ. ಎಂಡೋಸ್ಕೋಪಿ ಬರೆದರೆ ಹೆದರಿ ಓಡಿಬರಬೇಡಿ. ಗಂಟಲಿಗೆ ಮರಗಟ್ಟುವ ಸ್ಪ್ರೇ ಹಾಕಿ ಬೆರಳು ದಪ್ಪದ ಕೊಳವೆ ಇಳಿಸುತ್ತಾರೆ. ನೋಡುವುದಕ್ಕಷ್ಟೇ ಆದರೆ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಹಿಂದಿನ ರಾತ್ರಿಯ ನಂತರ ಊಟವಿಲ್ಲ. ನಿದ್ದೆಯ ಇಂಜೆಕ್ಷನ್ ಕೊಟ್ಟರೆ ಆ ದಿನ ಗಾಡಿ ಓಡಿಸುವಂತಿಲ್ಲ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಶುಗರ್ ಮಾತ್ರೆ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದ್ದರೆ ಆ ಬೆಳಗ್ಗೆ ಅದನ್ನು ನುಂಗಬೇಕೋ ಬೇಡವೋ ಅಂತ ಹಿಂದಿನ ದಿನವೇ ಅವರನ್ನೇ ಕೇಳಿಕೊಳ್ಳಿ.